ನೀರುಗಂಟಿಯ ಟಿಕೆಟ್ಟು

ನಮ್ಮೂರಲ್ಲಿ ಯಾರನ್ನಾದರೂ ನಿಲ್ಲಿಸಿ ಗಂಟೆ ಎಷ್ಟು ಅಂತ ಕೇಳಿ ನೋಡಿ, "ಯಾವ ಬೀದೀದು?" ಅಂತ ಅವರೇ ತಿರುಗಿ ಕೇಳುತ್ತಾರೆ. ಪೇಟೆ ಬೀದಿಯಲ್ಲಿ ತಿಂಡಿ ತಿಂದು ಕೈ ತೊಳೆದವರು ಮೂಲೆ ತಿರುಗಿ ಗಾಣಿಗರ ಬೀದಿಗೆ ಹೋದರೆ ಅಲ್ಲಿನ್ನೂ ಒಲೆ ಹಚ್ಚಿರುವುದಿಲ್ಲ. ಆಸ್ಪತ್ರೆ ರಸ್ತೆ ಸದಾ ಮುಂದೆ. ಸ್ಕೂಲಿನ ಬೀದಿ ಬೆಳಗ್ಗೆಯೆಲ್ಲ ಕಾಲೆಳೆದುಕೊಂಡು ಹೋಗಿ, ಕೊನೆಯ ಪೀರಿಯಡ್ಡು ಬಂತೆಂದರೆ ಓಟ ಕೀಳುತ್ತದೆ. ಮದುವೆ ಕಾಗದದಲ್ಲಿ ಮುಹೂರ್ತದ ಕೆಳಗೆ ಬೀದಿಯ ಹೆಸರು ಹಾಕಿಸದಿದ್ದರೆ ಬೀಗರು ಜಗಳಕ್ಕೆ ನಿಲ್ಲುತ್ತಾರೆ. ಒಬ್ಬರ ಬೀದಿಗೆ ಹೋದಾಗ ಚಪ್ಪಲಿ ಬಿಡುವ ಮೊದಲೇ ಕೈಗಡಿಯಾರವನ್ನು ಅಲ್ಲಿನ ಗಂಟೆಗೆ ತಿರುಗಿಸಿಕೊಳ್ಳುವುದು ನಮ್ಮಲ್ಲಿ ಮರ್ಯಾದೆ. ತಿರುಗಿಸದೆ ಕೂತವರಿಗೂ ಕಾಫಿ ಕೊಡುತ್ತಾರೆ, ಆದರೆ ಇನ್ನೊಂದು ಸಲ ಕರೆಯುವುದಿಲ್ಲ.

ನಾನು ಪೇಟೆ ಬೀದಿಯವಳು, ಹೆಸರು ಇಂದುಮತಿ. ನಮ್ಮದು ಮುಂದೆ ಓಡುವ ಬೀದಿ. ಅಲ್ಲಿ ಹುಟ್ಟಿದವರಿಗೆ ತಾಳ್ಮೆ ಇರುವುದಿಲ್ಲ ಅಂತ ಊರಿಗೇ ಗೊತ್ತು, ನನ್ನ ವಿಷಯದಲ್ಲಂತೂ ಅದು ನೂರಕ್ಕೆ ನೂರು ನಿಜ. ಕಾಫಿ ಆರುವ ತನಕ ಕಾಯಲಾರದೆ ನಾಲಿಗೆ ಸುಟ್ಟುಕೊಳ್ಳುತ್ತೇನೆ. ಎದುರಿನವರ ಮಾತನ್ನು ಅವರಿಗಿಂತ ಮೊದಲು ನಾನೇ ಮುಗಿಸುತ್ತೇನೆ, ಎಷ್ಟೋ ಸಲ ತಪ್ಪಾಗಿ. ಬಸ್ಸು ಬರಲಿಲ್ಲ ಅಂತ ನಡೆದೇ ಹೊರಟು, ಅರ್ಧ ದಾರಿಯಲ್ಲಿ ಅದೇ ಬಸ್ಸು ನನ್ನ ಮೇಲೆ ಧೂಳೆಬ್ಬಿಸಿಕೊಂಡು ಹೋಗುವುದನ್ನು ನೋಡಿದ್ದೇನೆ. ಇಂಥವಳ ಕೈಗೆ ಪುರಸಭೆಯವರು ಇಡೀ ಊರಿನ ಟಿಕೆಟ್ಟಿನ ಕೆಲಸ ಕೊಟ್ಟರು.

ಊರಿನ ವ್ಯವಹಾರವೆಲ್ಲ ಯಾರದೋ ದೂರದ ಕಂಪ್ಯೂಟರಿನಲ್ಲಿ ಯಾಕಿರಬೇಕು, ನಮ್ಮದು ನಮ್ಮ ಹತ್ತಿರವೇ ಇರಲಿ ಅಂತ ಪುರಸಭೆ ಅಧ್ಯಕ್ಷರಾದ ಪಾರ್ಶ್ವನಾಥಯ್ಯನವರು ಹಟ ಹಿಡಿದು, ಮುಚ್ಚಿಹೋದ ಎಣ್ಣೆ ಗಿರಣಿಯ ನೆಲಮಾಳಿಗೆಯಲ್ಲಿ ಸರ್ವರುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಆಸ್ಪತ್ರೆ, ಸ್ಕೂಲು, ರೇಷನ್ನು, ಬೀದಿದೀಪ, ನೀರು ಎಲ್ಲವೂ ಅದರೊಳಗೆ. ಊರಿನ ಸ್ವಂತ ಕ್ಲೌಡು ಅಂತ ಜನ ಹೆಮ್ಮೆಪಟ್ಟರು. ಆದರೆ ಒಂದೊಂದು ಕಚೇರಿಗೂ ಒಂದೊಂದು ಪಾಸ್‌ವರ್ಡು. ನರ್ಸುಗಳು ಅಂಗೈ ಮೇಲೆ ಬರೆದುಕೊಂಡು ಕೈ ತೊಳೆಯಲು ಹೆದರಿದರು. ರೇಷನ್ ಅಂಗಡಿಯವನು ತಕ್ಕಡಿಯ ಹಿಂದಿನ ಗೋಡೆಗೆ ಬರೆದಿಟ್ಟ, ಕ್ಯೂನಲ್ಲಿ ನಿಂತವರಿಗೆಲ್ಲ ಬಾಯಿಪಾಠವಾಯಿತು. ಹೊಂಗೆ ಬೀದಿಯ ನೀರುಗಂಟಿ ಕರಿಬಸವಯ್ಯ, ಊರಿಗೆಲ್ಲ ಬಸವಯ್ಯಣ್ಣ, ಮೂರು ಸಲ ಪಾಸ್‌ವರ್ಡು ಮರೆತು ಮೂರು ಸಲವೂ ಬೀದಿಗೆ ನೀರು ಬಿಡಲಾಗದೆ ಬೈಸಿಕೊಂಡ. ವಾಲ್ವು ತಿರುಗಿಸುವುದೂ ಆಗ ಕಂಪ್ಯೂಟರಿನಿಂದಲೇ ಆಗಬೇಕಿತ್ತು.

ನಾನು ಮಾಡಬೇಕಾದದ್ದು ಇಷ್ಟು. ಬೆಳಗ್ಗೆ ಒಂದೇ ಸಲ ಗಿರಣಿಯ ಸರ್ವರಿಗೆ ನಿಮ್ಮ ಗುಟ್ಟಿನ ಮಾತು ಹೇಳಿದರೆ ಅದು ನಿಮಗೊಂದು ಟಿಕೆಟ್ಟು ಕೊಡುತ್ತದೆ. ಆಮೇಲೆ ದಿನವಿಡೀ ಯಾವ ಕೆಲಸಕ್ಕೂ ಮತ್ತೆ ಗುಟ್ಟು ಹೇಳಬೇಕಿಲ್ಲ, ಟಿಕೆಟ್ಟೇ ನಿಮ್ಮ ಪರವಾಗಿ ಎಲ್ಲ ಬಾಗಿಲೂ ತಟ್ಟುತ್ತದೆ. ಕೈಗೆ ಸಿಗುವ ಟಿಕೆಟ್ಟಲ್ಲ ಅದು, ಸ್ಕ್ರೀನಿನ ಮೂಲೆಯಲ್ಲಿ ಒಂದು ಹಸಿರು ಚುಕ್ಕಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅದರ ಆಯಸ್ಸು ಮುಗಿಯುತ್ತದೆ. ಟಿಕೆಟ್ಟು ಕೇಳುವ ಯಂತ್ರ, ಕೊಡುವ ಯಂತ್ರ, ನೋಡುವ ಯಂತ್ರ, ಮೂರರ ಗಡಿಯಾರವೂ ಹೊಂದಬೇಕು. ಐದು ನಿಮಿಷ ಆಚೀಚೆಯಾದರೆ ಮಾಫಿ, ಅದಕ್ಕಿಂತ ಹೆಚ್ಚಾದರೆ ಬಾಗಿಲು ತೆರೆಯುವುದಿಲ್ಲ. ಇಲ್ಲದಿದ್ದರೆ ನಿಮ್ಮ ನಿನ್ನೆಯ ಟಿಕೆಟ್ಟನ್ನು ಯಾರೋ ಎತ್ತಿಕೊಂಡು ಇವತ್ತು ನಿಮ್ಮ ಹೆಸರಲ್ಲಿ ಒಳಗೆ ಬಂದು ಕೂರಬಹುದು.

ಕೆಲಸ ಮುಗಿಸಿ ಹೋಗುವವರು ಲಾಗೌಟ್ ಒತ್ತಿ ಹೋಗಬೇಕು. ಆಗ ಸ್ಕ್ರೀನಿನ ಮೇಲೆ ಏನು ಬರಬೇಕು ಅಂತ ಅಧ್ಯಕ್ಷರು ನಾಲ್ಕು ಸಾಲು ಬರೆದುಕೊಟ್ಟಿದ್ದರು, ಅದರಲ್ಲಿ ಪುರಸಭೆಯ ಹೆಸರೇ ಎರಡು ಸಲ ಇತ್ತು. ಅಷ್ಟುದ್ದ ಟೈಪು ಮಾಡಲು ನನಗೆಲ್ಲಿ ತಾಳ್ಮೆ, "ಹೋಗಿ ಬನ್ನಿ" ಅಂತ ಹಾಕಿ ಕೈ ತೊಳೆದುಕೊಂಡೆ. ಪಂಪ್‌ಹೌಸಿನಲ್ಲಿ ಬಸವಯ್ಯಣ್ಣನಿಗೆ ಅಭ್ಯಾಸ ಮಾಡಿಸುವಾಗ ಅವನು ಲಾಗೌಟ್ ಒತ್ತಿ, ಅಕ್ಷರಗಳನ್ನು ನಿಧಾನವಾಗಿ ಓದಿ, ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು ಕಂಪ್ಯೂಟರಿಗೆ "ಬತ್ತೀನಿ ಕಣವ್ವ" ಅಂದ. ನಾನು ನಕ್ಕೆ. "ಅದ್ಯಾಕ್ ನಗ್ತೀಯ? ಅದು ಅಷ್ಟು ಮರ್ಯಾದೆ ಕೊಟ್ಟಮ್ಯಾಕೆ ನಾವೂ ಒಂದು ಮಾತು ಹೇಳ್ಬ್ಯಾಡ್ವಾ?" ಅಂತ ನನ್ನನ್ನೇ ಗದರಿದ.

ಮೊದಲ ಬೆಳಗ್ಗೆ ಇಡೀ ಊರಿಗೆ ಬೀಗ ಬಿತ್ತು. ತಪ್ಪು ನನ್ನದೇ. ಒಂದೊಂದು ಕಚೇರಿಗೆ ಹೋಗಿ ಯಂತ್ರ ಕೂರಿಸುವಾಗಲೂ ನಾನು ಮೊದಲು ಮಾಡಿದ ಕೆಲಸವೆಂದರೆ ಅದರ ಗಡಿಯಾರವನ್ನು ಆ ಬೀದಿಯ ಗಂಟೆಗೆ ತಿರುಗಿಸಿದ್ದು. ಪರವೂರಿನವರಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ. ನಾನು ಯೋಚನೆ ಕೂಡ ಮಾಡದೆ, ಚಪ್ಪಲಿ ಬಿಟ್ಟಷ್ಟು ಸಹಜವಾಗಿ ಮಾಡಿದ್ದೆ. ಆಸ್ಪತ್ರೆಯ ನರ್ಸುಗಳಿಗೆ ಗಿರಣಿ ಟಿಕೆಟ್ಟನ್ನೇ ಕೊಡಲಿಲ್ಲ. ಸ್ಕೂಲಿನಲ್ಲಿ "ನಿಮ್ಮ ಟಿಕೆಟ್ಟು ಇನ್ನೂ ಶುರುವಾಗಿಲ್ಲ" ಅಂತ ಬಂತು. "ಶುರುವಾದಾಗ ಹೇಳಿ ಕಳಿಸಮ್ಮ, ಅಲ್ಲೀತನಕ ಹಾಜರಿ ಬಾಯಲ್ಲೇ ಕೂಗ್ತೀನಿ" ಅಂತ ಹೆಡ್‌ಮಾಸ್ತರು ಫೋನಿನಲ್ಲಿ ಛೇಡಿಸಿದರು. ಊರಿಗೆಲ್ಲ ಒಂದೇ ಒಂದು ಕಡೆ ಟಿಕೆಟ್ಟು ನಡೆಯಿತು, ಅದು ಹೊಂಗೆ ಬೀದಿಯ ಪಂಪ್‌ಹೌಸಿನಲ್ಲಿ. ಆ ಬೀದಿಯ ಗಂಟೆ ಆ ದಿನ ಗಿರಣಿಯ ಗಂಟೆಗೆ ಹೊಂದಿಕೊಂಡಿತ್ತು, ಅಷ್ಟೆ. ಬಸವಯ್ಯಣ್ಣ ಮಾತ್ರ ಅದನ್ನು ತನ್ನ ಜಾಣತನವೆಂದೇ ತಿಳಿದು ನೀರು ಬಿಟ್ಟು, ಬೀದಿಯ ಉದ್ದಕ್ಕೂ ಮನೆಮನೆಯ ಮುಂದೆ ನಿಂತು, "ಊರಿಗೇ ಮೊದ್ಲು ಒಳಕ್ಕೋದೋನು ನಾನು" ಅಂತ ಹೇಳಿಕೊಂಡು ಬಂದನಂತೆ. ಆ ದಿನವೇ ಮಧ್ಯಾಹ್ನ ಪಂಪ್‌ಹೌಸಿನ ಮೆಟ್ಟಿಲ ಮೇಲೆ ಕುಸಿದ. ಡಾಕ್ಟರು ಬಂದು ನೋಡಿ, ಆಸ್ಪತ್ರೆಗೆ ಸಾಗಿಸಿದರೂ ಪ್ರಯೋಜನವಿಲ್ಲ, ದೀಪ ಹಚ್ಚುವ ಹೊತ್ತು ದಾಟುವುದು ಕಷ್ಟ ಅಂತ ಹೇಳಿ ಹೋದರು.

ನಾನು ಆ ಹೊತ್ತಿಗೆ ಮಿಕ್ಕ ಬೀದಿಗಳ ಯಂತ್ರಗಳನ್ನೆಲ್ಲ ಗಿರಣಿಯ ಗಂಟೆಗೆ ಕಟ್ಟಿಹಾಕುತ್ತ ಓಡಾಡುತ್ತಿದ್ದೆ. ಇನ್ನು ಮೇಲೆ ಯಂತ್ರಕ್ಕೆ ಬೀದಿಯ ಹಂಗಿಲ್ಲ, ಗಿರಣಿ ಹೇಳಿದ್ದೇ ಗಂಟೆ. ಜನ ಮುಖ ಸಿಂಡರಿಸಿದರು, ಆದರೆ ಒಗ್ಗಿಕೊಂಡರು. ಪರಬೀದಿಯ ಗಂಟೆಯನ್ನು ಕಣ್ಣೆದುರು ಇಟ್ಟುಕೊಳ್ಳಲಾರದೆ ನರ್ಸುಗಳು ಸ್ಕ್ರೀನಿನ ಗಡಿಯಾರದ ಮೇಲೆ ಒಂದೊಂದು ಸ್ಟಿಕ್ಕರ್ ಬೊಟ್ಟು ಅಂಟಿಸಿದರು, ಅದು ಎಲ್ಲ ಕಚೇರಿಗೂ ಹಬ್ಬಿತು. ಹೊಂಗೆ ಬೀದಿಯ ಯಂತ್ರವನ್ನು ಮಾತ್ರ ನಾನು ಮುಟ್ಟಲಿಲ್ಲ. ಅದು ಸರಿಯಾಗಿಯೇ ನಡೆಯುತ್ತಿತ್ತಲ್ಲ.

ಅಲ್ಲಿ ಸಂಜೆಯಾಗಲಿಲ್ಲ. ಪೇಟೆಯಲ್ಲಿ ದೀಪ ಹತ್ತಿ, ಆರಿ, ಮಾರನೆಯ ದಿನ ಬಂದು, ಅದೂ ಹೋಗಿ, ಮತ್ತೂ ಕೆಲವು ದಿನ ಹೋದರೂ ಹೊಂಗೆ ಬೀದಿಯಲ್ಲಿ ಅದೇ ಮಧ್ಯಾಹ್ನ. ಒಂದು ಬೀದಿಯಲ್ಲಿ ಯಾರಾದರೂ ಏನನ್ನಾದರೂ ಬೇಡವೆಂದು ತಡೆದು ನಿಂತರೆ ಗಂಟೆ ಹಿಂದೆ ಬೀಳುವುದು ನಮ್ಮಲ್ಲಿ ಇದ್ದದ್ದೇ, ಇಷ್ಟು ಹಿಂದೆ ಬಿದ್ದದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. ಅಲ್ಲಿನವರು ಏನೂ ಆಡಿಕೊಳ್ಳಲಿಲ್ಲ. ಹೊರಗಡೆ ಕೆಲಸ ಮುಗಿಸಿ ಬಂದು, ಬಿಸಿಲಿನಲ್ಲೇ ಕಣ್ಣಿಗೆ ಟವೆಲ್ಲು ಕಟ್ಟಿಕೊಂಡು ಮಲಗಿದರು. ಹಪ್ಪಳ ಇಟ್ಟಿದ್ದವರು, ಒಣಗುತ್ತಲೇ ಇಲ್ಲವಲ್ಲ ಅಂತ ಅದನ್ನೆತ್ತಿಕೊಂಡು ಪಕ್ಕದ ಬೀದಿಯ ಬಿಸಿಲಿಗೆ ಹೋದರು. ಮಕ್ಕಳಿಗಂತೂ ಸ್ಕೂಲಿನಿಂದ ಬಂದರೆ ಮುಗಿಯದ ಆಟ.

ಅಧ್ಯಕ್ಷರು ನನ್ನನ್ನು ಕರೆಸಿದರು. "ನೋಡಮ್ಮ ಇಂದುಮತಿ, ನಾಳೆ ಉದ್ಘಾಟನೆ. ಸುತ್ತಮುತ್ತಲ ಊರಿನೋರೆಲ್ಲ ನಮ್ಮ ಟಿಕೆಟ್ಟು ನೋಡೋಕೆ ಬರ್ತಿದಾರೆ. ಹೊಂಗೆ ಬೀದೀಲಿ ಯಾರೋ ಮೊದಲನೇ ದಿನದ ಟಿಕೆಟ್ಟಿನಲ್ಲೇ ಇವತ್ತೂ ನೀರು ಬಿಡ್ತಿದಾರಲ್ಲ, ಇದೇನಿದು?" ಅಂದರು. ನಾನು ನೋಡಿದೆ, ನಿಜ. ಹೊಸ ನೀರುಗಂಟಿಯನ್ನು ಕಳಿಸಿದರೆ ಆ ಯಂತ್ರ ಅವನನ್ನು "ನಿಮ್ಮ ಟಿಕೆಟ್ಟು ಇನ್ನೂ ಶುರುವಾಗಿಲ್ಲ" ಅಂತ ಹಿಂದಕ್ಕೆ ಕಳಿಸುತ್ತಿತ್ತು. ಬಸವಯ್ಯಣ್ಣನ ಟಿಕೆಟ್ಟು ಮಾತ್ರ ನಡೆಯುತ್ತಿತ್ತು, ಯಾಕೆಂದರೆ ಅಲ್ಲಿ ಅದಿನ್ನೂ ಅದೇ ದಿನ. "ಒಂದು ಟಿಕೆಟ್ಟು ಸಾಯದೆ ಉಳೀತು ಅಂದ್ರೆ ನಾಳೆ ಅದನ್ನ ಹಿಡ್ಕೊಂಡು ಯಾರು ಬೇಕಾದ್ರೂ ಊರಿನ ನೀರಿಗೆಲ್ಲ ಕೈ ಹಾಕ್ಬೋದು. ಆ ಯಂತ್ರನ ಇವತ್ತೇ ಗಿರಣಿ ಗಂಟೆಗೆ ಎಳಿ" ಅಂದರು ಅಧ್ಯಕ್ಷರು. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ಹೊಂಗೆ ಬೀದಿಗೆ ಕಾಲಿಡುತ್ತಲೇ ನನಗೆ ಚಡಪಡಿಕೆ ಶುರುವಾಯಿತು. ಕೈಗಡಿಯಾರ ತಿರುಗಿಸಿಕೊಂಡೆ, ಮುಳ್ಳು ಅಲ್ಲಾಡಲೋ ಬೇಡವೋ ಅನ್ನುವಂತಿತ್ತು. ಮರದಿಂದ ಕಳಚಿದ ಎಲೆ ನೆಲಕ್ಕೆ ಬರುವುದನ್ನು ನೋಡುತ್ತ ನಿಲ್ಲಲಾರದೆ ಕಣ್ಣು ತಿರುಗಿಸಿದೆ. ಪಂಪ್‌ಹೌಸಿಗೂ ಬಸವಯ್ಯಣ್ಣನ ಮನೆಗೂ ಒಂದೇ ಗೋಡೆ. ಅವನ ಹೆಂಡತಿ ಸಣ್ಣತಾಯಮ್ಮ, ನಾವೆಲ್ಲ ತಾಯಕ್ಕ ಅನ್ನುವವಳು, ಒಳಗಿರಬೇಕು ಅಂದುಕೊಂಡು ಸದ್ದು ಮಾಡದೆ ಯಂತ್ರದ ಮುಂದೆ ಕೂತೆ. ಹಸಿರು ಚುಕ್ಕಿ ಹೊಳೆಯುತ್ತಿತ್ತು. ಗಡಿಯಾರವನ್ನು ಗಿರಣಿಯ ಕಡೆಗೆ ಸ್ವಲ್ಪವೇ ಸ್ವಲ್ಪ ಎಳೆದೆ.

ಉಳಿದ ಬೀದಿಗಳಲ್ಲಿ ಎಳೆದರೆ ಯಂತ್ರ ಮಾತ್ರ ಬಂದಿತ್ತು. ಇಲ್ಲಿ ಬೀದಿಯೇ ಅದಕ್ಕೆ ಅಂಟಿಕೊಂಡು ಬಂತು. ಮೆಟ್ಟಿಲ ಮೇಲಿದ್ದ ಮರದ ನೆರಳು ಒಮ್ಮೆಲೇ ಗೋಡೆ ಹತ್ತಿತು. ಹೊರಗೆ ಮಕ್ಕಳ ಬುಗುರಿ ಉರುಳಿಬಿತ್ತು. ಗೋಡೆಯಾಚೆ ಕೆಮ್ಮು ಶುರುವಾಯಿತು, ನಿಲ್ಲಲೇ ಇಲ್ಲ. ತಾಯಕ್ಕ ಓಡಿಬಂದಳು, ಕೈಯೆಲ್ಲ ರಾಗಿಹಿಟ್ಟು. "ಕೈ ತಗಿಯವ್ವ! ತಗಿ ಅಂದ್ರೆ!" ಅಂತ ಕಿರುಚಿದಳು. ನಾನು ಹೆದರಿ ಗಡಿಯಾರವನ್ನು ಮೊದಲಿದ್ದಲ್ಲಿಗೇ ಬಿಟ್ಟೆ. ನೆರಳು ಗೋಡೆಯಿಂದ ಇಳಿದು ಮೆಟ್ಟಿಲ ಮೇಲೆ ಮಲಗಿತು, ಕೆಮ್ಮು ಕಡಿಮೆಯಾಯಿತು.

ತಾಯಕ್ಕ ಬಾಗಿಲಿಗೆ ಅಡ್ಡ ನಿಂತಳು. "ಅವ್ರ ಟಿಕೆಟ್ಟಲ್ಲಿ ನೀರು ಬಿಡ್ತಿರೋಳು ನಾನೇ. ಕಳ್ಳಿ ಅನ್ನು, ಏನಾರ ಅನ್ನು" ಅಂದಳು. "ಹಾಗಲ್ಲ ತಾಯಕ್ಕ, ಊರಿಗೆಲ್ಲ ಒಂದೇ ಗಂಟೆ ಇಲ್ದಿದ್ರೆ ಈ ಯಂತ್ರ..." ಅಂತ ನಾನು ಶುರುಮಾಡಿದೆ. ಮುಗಿಸಲು ಅವಳು ಬಿಡಲಿಲ್ಲ. "ನಿನ್ ಯಂತ್ರಕ್ಕೊಂದು ಗಂಟೆ ಬೇಕು, ಸರಿ. ನನ್ಗೂ ಒಂದು ಗಂಟೆ ಬೇಕು ಕಣವ್ವ. ಅವ್ರಿಗೆ ಹಿಟ್ಟು ಉಣ್ಣಿಸಿ ಇನ್ನೂ ಮುಗ್ದಿಲ್ಲ ನನ್ಗೆ." ಎದುರು ಮನೆಯವರು, ಪಕ್ಕದ ಮನೆಯವರು ಒಬ್ಬೊಬ್ಬರಾಗಿ ಬಂದು ಅವಳ ಹಿಂದೆ ನಿಂತರು. ಯಾರೂ ಜೋರು ಮಾಡಲಿಲ್ಲ. ನನಗೆ ಅಲ್ಲಿಂದ ಎದ್ದು ಓಡಿಬಿಡಬೇಕು ಅನ್ನಿಸಿತು, ಅಧ್ಯಕ್ಷರ ಮೇಲೆ ಸಿಟ್ಟು ಬಂತು, ಟಿಕೆಟ್ಟಿನ ಮೇಲೆ ಸಿಟ್ಟು ಬಂತು, ಈ ಕೆಲಸ ಒಪ್ಪಿಕೊಂಡ ನನ್ನ ಮೇಲೂ ಬಂತು.

"ಯಾರೇ ಅದು, ಇಂದಮ್ಮನಾ? ಒಳೀಕ್ ಕಳ್ಸು" ಅಂತ ಗೋಡೆಯಾಚೆಯಿಂದ ಬಸವಯ್ಯಣ್ಣನ ದನಿ ಬಂತು.

ನಡುಮನೆಯ ಮಂಚದ ಮೇಲೆ ಮಲಗಿದ್ದ. ಮೈ ಇಳಿದುಹೋಗಿತ್ತು, ಕಣ್ಣು ಮಾತ್ರ ಅತ್ತಿತ್ತ ಹರಿದಾಡುತ್ತಿತ್ತು. ಹೊದಿಕೆ ಎಳೆದುಕೊಂಡ, ಒದ್ದುಕೊಂಡ, ಮತ್ತೆ ಎಳೆದುಕೊಂಡ. ಪೇಟೆ ಬೀದಿಯಲ್ಲಿ ಹುಟ್ಟಿದ ನನ್ನಲ್ಲೂ ಅಂಥ ಚಡಪಡಿಕೆ ಇರಲಿಲ್ಲ. "ಈ ಮಧ್ಯಾನ ಮುಗಿಯಾಕೇ ಇಲ್ವೇನವ್ವ?" ಅಂದ. "ಆ ಮಗ್ಗುಲು ಈ ಮಗ್ಗುಲು ಹೊಳ್ಳಿ ಹೊಳ್ಳಿ ಬೆನ್ನು ಬೆಂದೋಗದೆ. ದೀಪ ಹತ್ತಿದ್ಮ್ಯಾಕೆ ನೋವಿರಾಕಿಲ್ಲ ಅಂತ ಡಾಕ್ಟ್ರು ಇವ್ಳ ಕಿವೀಲಿ ಹೇಳಿದ್ದು ನನ್ಗೂ ಕೇಳುಸ್ತು. ಇವ್ಳು ದೀಪ ಹಚ್ಚಾಕೇ ಬಿಡಾಕಿಲ್ಲ ಅಂತಾಳೆ."

"ನಿಮ್ಗೆ ಸಾಕಾಗಿರ್ಬೋದು. ನನ್ಗಿನ್ನೂ ಸಾಕಾಗಿಲ್ಲ" ಅಂದಳು ತಾಯಕ್ಕ, ಮುಖ ಆ ಕಡೆ ತಿರುಗಿಸಿಕೊಂಡು.

"ಗೊತ್ತು ಕಣೆ." ಅವನು ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡ. ಆಮೇಲೆ ನನ್ನನ್ನು ಕೇಳಿದ, "ಇಂದಮ್ಮ, ನನ್ ಟಿಕೆಟ್ಟು ಇನ್ನೂ ಹಂಗೇ ತೆರ್ಕಂಡು ಕುಂತದಾ?" ಹೌದು ಅಂದೆ. "ಬಿಟ್ಬುಟ್ಟು ಬಂದ್ಬುಟ್ಟೆ ನೋಡು. ಲಾಗೌಟು ಮಾಡ್ದೆ ಎದ್ದೋಗ್ಬ್ಯಾಡಿ ಅಂತ ನೀನು ಅಷ್ಟು ಹೇಳ್ಕೊಟ್ಟಿದ್ದೆ. ಮೂರು ಸಲ ಮರ್ತು ಬೈಸ್ಕಂಡಿವ್ನಿ, ಬೀದಿ ಜನ ನೀರಿಲ್ದೆ ಕೊಡ ಕುಕ್ಕಿದ್ರು. ಈ ಸಲಾನಾದ್ರೂ ಸರ್ಯಾಗಿ ಮುಚ್ಚಿ ಹೋಯ್ತೀನಿ. ಅದಾಗೇ ಆರೋಗೋದು ಬ್ಯಾಡ, ಯಾರೋ ಎಳೆಯೋದೂ ಬ್ಯಾಡ."

ತಾಯಕ್ಕ "ಹಂಗಂದ್ರೆ..." ಅಂತ ಶುರುಮಾಡಿ ಅವನ ಹೊದಿಕೆಯನ್ನು ಕಾಲಿನವರೆಗೆ ಎಳೆದಳು. ನಾನು ಅವಳ ಮಾತನ್ನು ಮುಗಿಸಲು ಹೋಗಲಿಲ್ಲ, ಮೊದಲ ಸಲ. ಕೊನೆಗೆ ಅವಳು ಸೆರಗಿನಲ್ಲಿ ಕೈಯ ಹಿಟ್ಟು ಒರೆಸಿಕೊಂಡು ಅಂದಳು, "ಸರಿ ಕಣೇಳಿ. ಬೀದಿಗೆ ಒಂದ್ಸಲ ನೀರು ಬಿಟ್ಬುಟ್ಟು ಮುಚ್ಚಿ. ಎಲ್ರದೂ ತುಂಬೋಗಂಟ ಮುಚ್ಚಂಗಿಲ್ಲ, ಅಷ್ಟೇಯ."

ನಾಲ್ಕು ಜನ ಸೇರಿ ಅವನನ್ನು ಕುರ್ಚಿಯಲ್ಲಿ ಕೂರಿಸಿ ಪಂಪ್‌ಹೌಸಿಗೆ ತಂದರು. ಅವನು ತಾನೇ ಬೆರಳಿಟ್ಟು ವಾಲ್ವು ತೆರೆದ. ಬೀದಿಯ ನಲ್ಲಿಗಳೆಲ್ಲ ಮೊದಲು ಗಾಳಿ ಉಗುಳಿದವು, ಆಮೇಲೆ ನೀರು ಬಂತು. ಹೆಂಗಸರು ಕೊಡಗಳನ್ನು ತಂದಿಟ್ಟರು. ಕೊಡ ತುಂಬಿದವು, ಬಿಂದಿಗೆ ತುಂಬಿದವು, ಹಂಡೆ ತುಂಬಿತು. ಬಸವಯ್ಯಣ್ಣ ಕುರ್ಚಿಯಲ್ಲಿ ಕೂತಲ್ಲಿಂದಲೇ "ಆ ಮೂಲೆ ಮನೇಗೆ ಬಂತಾ?" ಅಂತ ಕೇಳುತ್ತಿದ್ದ. ಬಂತು ಅಂದರು. "ಆಯ್ತಾ ಎಲ್ರದೂ?" ಅಂದ.

"ತಡೀರಿ, ನಮ್ದೊಂದು ಬಕೀಟಿದೆ" ಅಂತ ಎದುರುಮನೆಯವಳು ಓಡಿದಳು. ಅವಳ ಹಿಂದೆ ಪಕ್ಕದವಳು ಡ್ರಮ್ಮು ಉರುಳಿಸಿಕೊಂಡು ಬಂದಳು. ಹಳೆಯ ತೂತು ಬಿದ್ದ ಬಿಂದಿಗೆಗೆ ಬಟ್ಟೆ ತುರುಕಿ ತಂದರು. ತಪ್ಪಲೆ, ಚೊಂಬು, ಹಾಲಿನ ಕ್ಯಾನು, ಹಿಟ್ಟಿನ ಡಬ್ಬ ಖಾಲಿಮಾಡಿ ಅದನ್ನೂ ತಂದರು. ಗಂಡಸರು ಒಳಗಿನಿಂದ ಪಾತ್ರೆಗಳನ್ನು ಹೊರಗೆ ಸಾಗಿಸುತ್ತಿದ್ದರು. ಮಕ್ಕಳು ಬುಗುರಿ ಬಿಟ್ಟು ಲೋಟ ಹಿಡಿದುಕೊಂಡು ಸಾಲಾಗಿ ನಿಂತರು. ಒಬ್ಬಳು ಬಾಣಂತಿ ಕೂಸಿಗೆ ಹಾಲು ಹಾಕುವ ಒಳಲೆಯನ್ನು ನಲ್ಲಿಯ ಕೆಳಗೆ ಹಿಡಿದಳು, ಅದು ಹಿಡಿಯುತ್ತಲೇ ತುಂಬಿಹೋಯಿತು. ಯಾರ ಮನೆಯಲ್ಲೂ ಇನ್ನು ಖಾಲಿ ಇರುವುದು ಒಂದೂ ಉಳಿಯಲಿಲ್ಲ.

"ಇನ್ನೇನೂ ಇಲ್ವಾ?" ಅಂತ ತಾಯಕ್ಕ ಬೀದಿಯ ಆ ತುದಿಯಿಂದ ಈ ತುದಿಯವರೆಗೂ ನೋಡಿದಳು. ಎಲ್ಲರೂ ಕೈ ಕೆಳಗೆ ಬಿಟ್ಟು ನಿಂತಿದ್ದರು. ಆಗ ನಾನು ನನ್ನ ಬ್ಯಾಗಿಗೆ ಕೈ ಹಾಕಿದೆ. ಬುತ್ತಿ ಡಬ್ಬಿ ತೆಗೆದು ಒಳಗಿದ್ದ ಚಿತ್ರಾನ್ನವನ್ನು ಮುಚ್ಚಳಕ್ಕೆ ಸುರಿದೆ, ನೀರಿನ ಬಾಟಲಿಯಲ್ಲಿದ್ದುದನ್ನು ಹೊಂಗೆಯ ಬುಡಕ್ಕೆ ಚೆಲ್ಲಿದೆ. ಎರಡನ್ನೂ ಅವಳ ಕೈಗೆ ಕೊಟ್ಟೆ. ಅವಳು ನಲ್ಲಿಯನ್ನು ಆದಷ್ಟೂ ಸಣ್ಣಗೆ ತಿರುಗಿಸಿ ಡಬ್ಬಿ ತುಂಬಿಸಿದಳು. ಆಮೇಲೆ ಬಾಟಲಿಯನ್ನು ಹಿಡಿದಳು. ಎಲ್ಲರೂ ಆ ಬಾಟಲಿಯನ್ನೇ ನೋಡುತ್ತಿದ್ದೆವು. ನೀರು ಕತ್ತಿನವರೆಗೆ ಬಂತು, ಬಾಯಿಯವರೆಗೆ ಬಂತು, ಅವಳ ಕೈ ಮೇಲೆ ಹರಿಯಿತು. ಅವಳು ನಲ್ಲಿ ನಿಲ್ಲಿಸಿ, ಮುಚ್ಚಳ ಹಾಕಿ, ಬಾಟಲಿಯನ್ನು ಸೆರಗಿನಲ್ಲಿ ಒರೆಸಿ ನನಗೆ ವಾಪಸ್ಸು ಕೊಟ್ಟಳು.

"ತುಂಬ್ತು ಕಣ್ರಿ" ಅಂದಳು, ಗಂಡನ ಹತ್ತಿರ ಹೋಗಿ.

ಅವನು ವಾಲ್ವು ಮುಚ್ಚಿದ. ಬೆರಳಿಗೆ ಲಾಗೌಟಿನ ಗುಂಡಿ ಸಿಗಲಿಲ್ಲ. ನಾನು ಕೈ ಮುಂದೆ ಚಾಚಿ, ಹಿಂದಕ್ಕೆ ತೆಗೆದುಕೊಂಡು ಕಾದೆ. ತಾಯಕ್ಕ ತನ್ನ ಕೈಯನ್ನು ಅವನ ಕೈ ಮೇಲಿಟ್ಟು ಗುಂಡಿಯವರೆಗೆ ತಂದಳು. ಇಬ್ಬರೂ ಸೇರಿ ಒತ್ತಿದರು. ಹಸಿರು ಚುಕ್ಕಿ ಆರಿತು. ಮೆಟ್ಟಿಲ ಮೇಲಿದ್ದ ನೆರಳು ಎದ್ದು, ಗೋಡೆ ಹತ್ತಿ, ಸೂರು ದಾಟಿ ಹೋಯಿತು. ಬೀದಿಯಲ್ಲಿ ಸಾಲಾಗಿ ಇಟ್ಟ ಅಷ್ಟೂ ಪಾತ್ರೆಗಳ ನೀರು ಕೆಂಪಾಗಿ, ಆಮೇಲೆ ಕಪ್ಪಾಯಿತು. ಯಾರೋ ಒಳಗೆ ಹೋಗಿ ದೀಪ ಹಚ್ಚಿದರು.

"ಏನ್ ಬರ್ದದವ್ವ ಅದ್ರಲ್ಲಿ?" ಅಂತ ತಾಯಕ್ಕ ಕೇಳಿದಳು, ಅವಳಿಗೆ ಓದು ಬಾರದು. ನಾನು ಸ್ಕ್ರೀನನ್ನು ಅವಳ ಗಂಡನ ಕಡೆ ತಿರುಗಿಸಿದೆ. ಬಸವಯ್ಯಣ್ಣನೇ ಸ್ಕ್ರೀನಿನ ಕಡೆ ಬಗ್ಗಿ, ಅಕ್ಷರ ಅಕ್ಷರವಾಗಿ ಬಿಡಿಸಿ ಓದಿದ. "ಹೋಗಿ ಬನ್ನಿ ಅಂತ ಬರ್ದದೆ ಕಣೆ" ಅಂದ. ಹೆಗಲ ಮೇಲೆ ಟವೆಲ್ಲು ಇರಲಿಲ್ಲ, ಆದರೂ ಅದನ್ನು ಸರಿಮಾಡಿಕೊಳ್ಳುವವನಂತೆ ಕೈ ಆಡಿಸಿ, ಅವಳ ಮುಖವನ್ನೇ ನೋಡುತ್ತ ಹೇಳಿದ, "ಬತ್ತೀನಿ ಕಣವ್ವ."